ಒಲಿಂಪಿಕ್ ಪದಕವೇ ಇಲ್ಲ, ಆದರೂ ಸೋನ್ ಯೊನ್-ಜೆಗೆ ಇಷ್ಟು ಹೆಸರು ಹೇಗೆ?

ಪ್ರಶ್ನೆ: ನನ್ನ ಮಗಳಿಗೆ ಒಂಬತ್ತು ವರ್ಷ. ಹೋದ ವರ್ಷದಿಂದ ರಿದಮಿಕ್ ಜಿಮ್ನಾಸ್ಟಿಕ್ಸ್ ಕಲಿಯುತ್ತಿದ್ದಾಳೆ. ಮನೆಯಲ್ಲಿ ಫೋನ್ ಕೈಗೆ ಸಿಕ್ಕರೆ ಸಾಕು, ದಕ್ಷಿಣ ಕೊರಿಯಾದ ಸೋನ್ ಯೊನ್-ಜೆಯ ವಿಡಿಯೋ ಹಾಕಿಕೊಂಡು ಕೂತುಬಿಡುತ್ತಾಳೆ. ನಾನೂ ಹುಡುಕಿ ನೋಡಿದೆ. ಈಕೆಗೆ ಒಲಿಂಪಿಕ್ ಪದಕ ಒಂದೂ ಇಲ್ಲ. ಆದರೂ ಅವರ ದೇಶದಲ್ಲಿ ಸಿನಿಮಾ ನಟಿಯಷ್ಟು ಹೆಸರು. ಇದು ಬರೀ ಚಂದದ ಮುಖಕ್ಕೆ ಸಿಕ್ಕಿದ ಹೆಸರಾ, ಅಥವಾ ನಿಜಕ್ಕೂ ಅಷ್ಟು ಒಳ್ಳೆಯ ಆಟಗಾರ್ತಿಯಾ? ನನ್ನ ಮಗಳು ಇವಳನ್ನು ನೋಡಿ ಕಲಿಯಬಹುದಾ?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಒಳ್ಳೆಯ ಆಟಗಾರ್ತಿ. ತುಂಬಾ ಒಳ್ಳೆಯ ಆಟಗಾರ್ತಿ. ಹೆಸರು ಮೊದಲು ಬಂತು, ದೊಡ್ಡ ಫಲಿತಾಂಶ ಆಮೇಲೆ ಬಂತು, ಅದು ನಿಜ. ಆ ಹೆಸರಿಗೆ ಚಂದದ ಮುಖವೂ ಒಂದು ಕಾರಣ, ಅದೂ ನಿಜ. ಆದರೆ ಹೆಸರಿನಿಂದ ಬಂದ ಜಾಹೀರಾತಿನ ದುಡ್ಡನ್ನು ಅವಳು ತರಬೇತಿಗೆ ಸುರಿದಳು. 2010ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 32ನೆಯವಳಾಗಿದ್ದ ಹುಡುಗಿ 2016ರ ಒಲಿಂಪಿಕ್ಸ್‌ನಲ್ಲಿ 4ನೆಯವಳಾದಳು. ನಡುವೆ ಆರೇ ವರ್ಷ. ಚಂದದ ಮುಖ ಇಟ್ಟುಕೊಂಡು ಯಾರೂ 28 ಸ್ಥಾನ ಮೇಲೆ ಹತ್ತೋದಿಲ್ಲ.

ನಾನು ಬೆಂಗಳೂರಿನಲ್ಲಿ ಸುಮಾರು ವರ್ಷದಿಂದ ಮಕ್ಕಳಿಗೆ ಈ ಆಟ ಹೇಳಿಕೊಡುತ್ತಿದ್ದೇನೆ. ನೀವು ಕೇಳಿದ್ದನ್ನೇ ನಮ್ಮಲ್ಲಿಗೆ ಬರುವ ಎಷ್ಟೋ ಅಪ್ಪ ಅಮ್ಮಂದಿರು ಬೇರೆ ಬೇರೆ ಥರ ಕೇಳುತ್ತಾರೆ. ಪದಕ ಇಲ್ಲ ಅಂದಮೇಲೆ ಏನು ದೊಡ್ಡಸ್ತಿಕೆ ಅಂತ. ಅದಕ್ಕೇ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಸೋನ್ ಅನ್ನೋದು ಮನೆತನದ ಹೆಸರು, ಯೊನ್-ಜೆ ಅವಳ ಹೆಸರು. ಹುಟ್ಟಿದ್ದು 1994ರ ಮೇ 28ರಂದು, ಸೋಲ್‌ನಲ್ಲಿ. ಶಾಲೆಗೆ ಸೇರುವ ಮೊದಲೇ ಜಿಮ್‌ಗೆ ಹೋಗಲು ಶುರು ಮಾಡಿದಳು. ಈಗ ಆ ದೇಶದ ಸ್ಥಿತಿ ನೋಡಿ. ನಮಗೆಲ್ಲ ಕೊರಿಯಾ ಅಂದರೆ ಬಿಲ್ಲುಗಾರಿಕೆ, ಟೇಕ್ವಾಂಡೋ ನೆನಪಾಗುತ್ತದೆ. ರಿದಮಿಕ್ ಜಿಮ್ನಾಸ್ಟಿಕ್ಸ್‌ನಲ್ಲಿ ಅವರು ಯಾವತ್ತೂ ದೊಡ್ಡವರಾಗಿರಲಿಲ್ಲ. ಈ ಆಟ ರಷ್ಯಾ, ಉಕ್ರೇನ್, ಬೆಲಾರೂಸ್, ಬಲ್ಗೇರಿಯಾದವರ ಮನೆಯಂಗಳ. 2000ದಿಂದ 2016ರವರೆಗೆ ಐದು ಒಲಿಂಪಿಕ್ಸ್‌ನಲ್ಲೂ ವೈಯಕ್ತಿಕ ಚಿನ್ನ ರಷ್ಯಾಕ್ಕೇ ಹೋಯಿತು, ಬೇರೆ ಯಾರಿಗೂ ಒಂದು ಸಲ ಕೂಡ ಬಿಟ್ಟುಕೊಡಲಿಲ್ಲ. ಯೊನ್-ಜೆಗಿಂತ ಮೊದಲು ಕೊರಿಯಾದವರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಹೆಸರು ಶಿನ್ ಸೂ-ಜಿ. ಅವಳು 2008ರ ಬೀಜಿಂಗ್‌ನಲ್ಲಿ 12ನೆಯವಳಾದಳು, ಫೈನಲ್‌ಗೆ ಹತ್ತೇ ಜನ. ಈ ಶಿನ್ ಸೂ-ಜಿಯನ್ನೂ ನಿಮ್ಮ ಮಗಳು ನೋಡಿರಬಹುದು. ನಿವೃತ್ತಿಯಾದ ಮೇಲೆ 2013ರಲ್ಲಿ ಬೇಸ್‌ಬಾಲ್ ಪಂದ್ಯವೊಂದರ ಮೊದಲ ಚೆಂಡು ಎಸೆಯಲು ಕರೆದಾಗ, ಒಂದು ಕೈ ನೆಲಕ್ಕೆ ಊರಿ, ಕಾಲನ್ನು ಆಕಾಶದಲ್ಲಿ ಪೂರ್ತಿ ಒಂದು ಸುತ್ತು ತಿರುಗಿಸಿ ಚೆಂಡು ಎಸೆದಳಲ್ಲ, ಆ ವಿಡಿಯೋ ಪ್ರಪಂಚವೆಲ್ಲ ಸುತ್ತಿತು.

2010ರ ಫೆಬ್ರವರಿಯಲ್ಲಿ ಕಿಮ್ ಯುನಾ ಫಿಗರ್ ಸ್ಕೇಟಿಂಗ್‌ನಲ್ಲಿ ಒಲಿಂಪಿಕ್ ಚಿನ್ನ ಗೆದ್ದಳು. ಕೊರಿಯಾದವರಿಗೆ ಅದು ಎಂಥ ಸಂಭ್ರಮ ಅಂದರೆ, ನಮ್ಮಲ್ಲಿ ವರ್ಲ್ಡ್ ಕಪ್ ಗೆದ್ದಾಗ ಕ್ರಿಕೆಟಿಗರನ್ನು ಹೊತ್ತು ಮೆರೆಸುತ್ತೇವಲ್ಲ, ಹಾಗೆ. ಮೊದಲು ಅವರಿಗೆ ಪರಿಚಯವೇ ಇಲ್ಲದ ಆಟದಲ್ಲಿ ಒಬ್ಬ ಹುಡುಗಿ ಪ್ರಪಂಚ ಗೆದ್ದುಬಿಟ್ಟಿದ್ದಳು. ಅದೇ ವರ್ಷ ನವೆಂಬರ್‌ನಲ್ಲಿ ಗುವಾಂಗ್‌ಝೌ ಏಷ್ಯನ್ ಗೇಮ್ಸ್. ಅಲ್ಲಿ 16 ವರ್ಷದ ಯೊನ್-ಜೆ ಆಲ್‌ರೌಂಡ್‌ನಲ್ಲಿ, ಅಂದರೆ ಎಲ್ಲ ಸಲಕರಣೆಗಳ ಅಂಕ ಕೂಡಿಸುವ ಸ್ಪರ್ಧೆಯಲ್ಲಿ, ಕಂಚು ತಂದಳು. ಮೊದಲ ಎರಡು ಸ್ಥಾನ ಕಜಕಸ್ತಾನ್, ಉಜ್ಬೇಕಿಸ್ತಾನ್‌ಗೆ ಹೋದವು. ಏಷ್ಯನ್ ಗೇಮ್ಸ್‌ನ ರಿದಮಿಕ್‌ನಲ್ಲಿ ಕೊರಿಯಾಕ್ಕೆ ಅದು ಮೊದಲ ವೈಯಕ್ತಿಕ ಪದಕ. ಇನ್ನೊಬ್ಬ ಯುನಾಗಾಗಿ ಕಾಯುತ್ತಿದ್ದ ದೇಶದ ಎದುರು, ಸಂಗೀತಕ್ಕೆ ಕುಣಿಯುವ ಆಟದಲ್ಲಿ, ನಗುಮುಖದ ಹುಡುಗಿ. ಟಿವಿಯವರು ಬಿಡುತ್ತಾರಾ? ಜಿಮ್ನಾಸ್ಟಿಕ್ಸ್ ಕಿನ್ನರಿ ಅಂತ ಹೆಸರಿಟ್ಟರು. ಜಾಹೀರಾತಿನವರು ಸಾಲು ನಿಂತರು. ಎಲ್‌ಜಿಯ ವಿಸೆನ್ ಏಸಿ ಜಾಹೀರಾತಿನಲ್ಲಿ ಅವಳು ಮನೆಮನೆಗೂ ಬಂದಳು.

ಇಲ್ಲಿಯವರೆಗೆ ನಿಮ್ಮ ಅನುಮಾನವೇ ಸರಿ. ಏಷ್ಯಾದ ಕಂಚಿಗೆ ಇಷ್ಟು ದೊಡ್ಡ ಹೆಸರು ಸಿಗುವುದು ಸಹಜ ಅಲ್ಲ. ಅದೇ ಕಂಚು ಬಿಲ್ಲುಗಾರಿಕೆಯಲ್ಲಿ ಬಂದಿದ್ದರೆ ಅವರ ಪತ್ರಿಕೆಗಳಲ್ಲಿ ಒಳಪುಟದ ಸುದ್ದಿ ಆಗುತ್ತಿತ್ತು ಅಷ್ಟೆ.

ಆದರೆ ಆಮೇಲೆ ಏನಾಯಿತು ಅನ್ನೋದು ಮುಖ್ಯ. ಅವಳು ಆ ಹೆಸರು ಹಿಡಿದುಕೊಂಡು ಸೋಲ್‌ನಲ್ಲಿ ಕೂರಲಿಲ್ಲ. ಮಾಸ್ಕೋ ಹೊರವಲಯದ ನೊವೊಗೊರ್ಸ್ಕ್‌ಗೆ ಹೋದಳು. ರಷ್ಯಾದ ರಾಷ್ಟ್ರೀಯ ತಂಡ ಅಭ್ಯಾಸ ಮಾಡುವ ಜಾಗ ಅದು. ಎಲೆನಾ ನೆಫೆಡೋವಾ ಅನ್ನೋ ಕೋಚ್ ಅವಳನ್ನು ಕೈಗೆತ್ತಿಕೊಂಡರು. ಹದಿನಾರು ಹದಿನೇಳರ ಹುಡುಗಿ, ಭಾಷೆ ಬರದ ಊರು, ಮೈ ಕೊರೆಯುವ ಚಳಿ, ಸುತ್ತ ಪ್ರಪಂಚದ ಅತ್ಯುತ್ತಮ ಆಟಗಾರ್ತಿಯರು. ಮನೆಯಲ್ಲಿ ಇವಳೇ ದೇಶಕ್ಕೆ ಮೊದಲನೆಯವಳು, ಅಲ್ಲಿ ಹೋದರೆ ಸಾಲಿನಲ್ಲಿ ಕೊನೆಯವಳು. ಮಕ್ಕಳಿಗೆ ಇದಕ್ಕಿಂತ ಕಷ್ಟದ ಜಾಗ ಇಲ್ಲ, ನಾನು ಕಣ್ಣಾರೆ ನೋಡಿದ್ದೇನೆ. ಜಿಲ್ಲೆಗೆ ಫಸ್ಟ್ ಬಂದ ಮಗು ನ್ಯಾಷನಲ್ಸ್‌ಗೆ ಹೋಗಿ ಬೇರೆ ರಾಜ್ಯದ ಮಕ್ಕಳ ಅಭ್ಯಾಸ ನೋಡಿದ ದಿನ ರಾತ್ರಿ ಊಟ ಮಾಡೋದಿಲ್ಲ. ಕೆಲವರು ವಾಪಸ್ ಬಂದು ಆಟವನ್ನೇ ಬಿಟ್ಟುಬಿಡುತ್ತಾರೆ.

ಇದಕ್ಕೆಲ್ಲ ಖರ್ಚು ಸಣ್ಣದಲ್ಲ. ಕೋಚ್, ಕೊರಿಯೋಗ್ರಾಫರ್, ಜಿಮ್ ಬಾಡಿಗೆ, ವರ್ಷಪೂರ್ತಿ ಬೇರೆ ಬೇರೆ ಊರಲ್ಲಿ ನಡೆಯುವ ವರ್ಲ್ಡ್ ಕಪ್‌ಗಳಿಗೆ ಓಡಾಟ, ಹರಳು ಅಂಟಿಸಿದ ಲಿಯೊಟಾರ್ಡ್ ಅನ್ನೋ ಮೈಗಂಟುವ ಉಡುಪು. ಆ ಜಾಹೀರಾತುಗಳು ಇಲ್ಲದಿದ್ದರೆ ನೊವೊಗೊರ್ಸ್ಕ್ ಇರುತ್ತಿರಲಿಲ್ಲ, ನೊವೊಗೊರ್ಸ್ಕ್ ಇಲ್ಲದಿದ್ದರೆ ಮುಂದಿನದು ಯಾವುದೂ ಇರುತ್ತಿರಲಿಲ್ಲ. ಜನಪ್ರಿಯತೆ ಬೇರೆ, ಪ್ರತಿಭೆ ಬೇರೆ ಅಂತ ಎರಡು ಡಬ್ಬಿ ಮಾಡಿ ಇಡೋದು ಸುಲಭ, ಆದರೆ ಇವಳ ವಿಷಯದಲ್ಲಿ ಒಂದರ ದುಡ್ಡಿನಿಂದ ಇನ್ನೊಂದು ಬೆಳೆಯಿತು. 2010ರಲ್ಲಿ ಮಾಸ್ಕೋ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ 32ನೇ ಸ್ಥಾನ ಅಂದೆನಲ್ಲ, ಮುಂದಿನ ವರ್ಷ ಫ್ರಾನ್ಸ್‌ನ ಮಾಂಟ್‌ಪೆಲಿಯೆಯಲ್ಲಿ 11ನೇ ಸ್ಥಾನ. ಲಂಡನ್ ಒಲಿಂಪಿಕ್ಸ್ ಟಿಕೆಟ್ ಸಿಕ್ಕಿತು.

ಲಂಡನ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ "ಪದಕ ಇಲ್ಲ" ಅನ್ನೋ ಮಾತಿನ ಒಳಗೆ ಏನಿದೆ ಅಂತ ಅಲ್ಲೇ ಗೊತ್ತಾಗೋದು.

ಈ ಆಟದಲ್ಲಿ ನಾಲ್ಕು ಸಲಕರಣೆ. ಹೂಪ್ ಅನ್ನೋ ದೊಡ್ಡ ಬಳೆ, ಬಾಲ್, ಕ್ಲಬ್ಸ್ ಅನ್ನೋ ಗದೆಯಂಥ ಎರಡು ಕೋಲು, ರಿಬ್ಬನ್. 13 ಮೀಟರ್ ಉದ್ದಗಲದ ಕಾರ್ಪೆಟ್ ಮೇಲೆ ಒಂದೊಂದಕ್ಕೂ ಹೆಚ್ಚೆಂದರೆ ಒಂದೂವರೆ ನಿಮಿಷ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಾದರೆ ಪ್ರತಿ ಸಲಕರಣೆಗೂ ಬೇರೆ ಬೇರೆ ಪದಕ ಇದೆ. ಒಲಿಂಪಿಕ್ಸ್‌ನಲ್ಲಿ ಹಾಗಿಲ್ಲ. ವೈಯಕ್ತಿಕ ವಿಭಾಗದಲ್ಲಿ ನಾಲ್ಕನ್ನೂ ಕೂಡಿಸಿ ಒಂದೇ ಒಂದು ಸ್ಪರ್ಧೆ. ಇಡೀ ಪ್ರಪಂಚಕ್ಕೆ ಮೂರೇ ಪದಕ, ನಾಲ್ಕು ವರ್ಷಕ್ಕೊಮ್ಮೆ. ಈಜಿನಲ್ಲಿ ಬಟರ್‌ಫ್ಲೈ ಕೈಕೊಟ್ಟರೆ ಬ್ಯಾಕ್‌ಸ್ಟ್ರೋಕ್ ಇದೆ. ಇಲ್ಲಿ ಒಂದು ಕೈಜಾರಿದರೆ ಅದೇ ದಿನ, ಅದೇ ಮೊತ್ತದಿಂದ ಕಳೆಯುತ್ತದೆ, ಅಷ್ಟೇ.

ಲಂಡನ್ ಕ್ವಾಲಿಫೈಯಿಂಗ್‌ನಲ್ಲಿ ಕ್ಲಬ್ಸ್ ಆಡುವಾಗ ಯೊನ್-ಜೆಯ ಕಾಲಿನ ಶೂ ಕಳಚಿತು. ಟಿವಿಯಲ್ಲಿ ನೋಡಿದವರಿಗೆ ಇದು ಚಿಕ್ಕ ವಿಷಯ ಅನ್ನಿಸಬಹುದು. ನಿಮ್ಮ ಮಗಳ ಬ್ಯಾಗ್‌ನಲ್ಲಿ ಆ ಶೂ ಇರುತ್ತದೆ, ತೆಗೆದು ನೋಡಿ. ಪೂರ್ತಿ ಶೂ ಅಲ್ಲ ಅದು. ಬೆರಳು ಮತ್ತು ಮುಂಗಾಲು ಮಾತ್ರ ಮುಚ್ಚುತ್ತದೆ, ಹಿಮ್ಮಡಿ ಬರಿದಾಗಿರುತ್ತದೆ, ಹಿಂದೆ ಒಂದು ಎಲಾಸ್ಟಿಕ್ ಪಟ್ಟಿ. ಮುಂಗಾಲಿನ ಮೇಲೆ ತಿರುಗುವಾಗ ಕಾರ್ಪೆಟ್‌ಗೆ ಚರ್ಮ ಅಂಟಿಕೊಳ್ಳದೆ ಜಾರಲಿ ಅಂತ ಅದನ್ನು ಹಾಕೋದು. ಬರಿಗಾಲಲ್ಲಿ ತಿರುಗಿದರೆ ಕಾಲು ಹಿಡಿದುಕೊಳ್ಳುತ್ತದೆ, ಚರ್ಮ ಉರಿಯುತ್ತದೆ. ಒಂದು ಕಾಲಲ್ಲಿ ಶೂ ಇದೆ, ಇನ್ನೊಂದರಲ್ಲಿ ಇಲ್ಲ ಅಂದರೆ ಇನ್ನೂ ಕಷ್ಟ, ಎರಡು ಕಾಲಿಗೂ ಬೇರೆ ಬೇರೆ ನೆಲ ಸಿಕ್ಕಿದ ಹಾಗೆ. ಅವಳು ಬಗ್ಗಿ ನೋಡಲಿಲ್ಲ, ನಿಲ್ಲಲಿಲ್ಲ, ಕಾರ್ಯಕ್ರಮ ಪೂರ್ತಿ ಮುಗಿಸಿದಳು. ಅಂಕ ಕಡಿಮೆ ಆಯಿತು, ಆದರೂ 6ನೆಯವಳಾಗಿ ಫೈನಲ್‌ಗೆ ಬಂದಳು. ಒಲಿಂಪಿಕ್ಸ್ ರಿದಮಿಕ್ ಫೈನಲ್ ತಲುಪಿದ ಮೊದಲ ಕೊರಿಯನ್ ಹುಡುಗಿ.

ಫೈನಲ್‌ನಲ್ಲಿ ಹೂಪ್‌ಗೆ 28.050, ಬಾಲ್‌ಗೆ 28.325. ಆಗ ಒಂದೊಂದಕ್ಕೂ 30 ಗರಿಷ್ಠ ಅಂಕ. ಅಲ್ಲಿಯವರೆಗೆ ಪದಕ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಮೂರನೆಯದು ಮತ್ತೆ ಕ್ಲಬ್ಸ್. ಎಸೆದ ಕ್ಲಬ್ ಕೈಗೆ ಸಿಗಲಿಲ್ಲ. 26.750. ಕೊನೆಯದು ರಿಬ್ಬನ್, 28.350, ನಾಲ್ಕರಲ್ಲೂ ಅದೇ ಹೆಚ್ಚು. ಒಟ್ಟು 111.475. ಕಂಚು ಗೆದ್ದ ಬೆಲಾರೂಸ್‌ನ ಲ್ಯುಬೋವ್ ಚಾರ್ಕಶಿನಾಗೆ 111.700. ವ್ಯತ್ಯಾಸ 0.225. ನೀವೇ ಲೆಕ್ಕ ಹಾಕಿ, ಉಳಿದ ಮೂರರಲ್ಲೂ 28 ದಾಟಿದ್ದವಳು ಕ್ಲಬ್ಸ್‌ನಲ್ಲಿ 27 ಮುಟ್ಟಿದ್ದರೂ ಸಾಕಿತ್ತು. ಅವಳಿಗೆ ಆಗ 18 ವರ್ಷ.

ಕ್ಲಬ್ಸ್ ಯಾಕೆ ಇಷ್ಟು ಕಾಡುತ್ತದೆ ಅಂದರೆ, ಅದು ಒಂದೇ ಸಲಕರಣೆ ಅಲ್ಲ, ಎರಡು. ಎರಡು ಕೈಯೂ ಬೇರೆ ಬೇರೆ ಕೆಲಸ ಮಾಡಬೇಕು. ಕುತ್ತಿಗೆ ತೆಳ್ಳಗೆ, ಇನ್ನೊಂದು ತುದಿ ದಪ್ಪ. ಗಾಳಿಯಲ್ಲಿ ಒಂದು ಅರ್ಧ ಸುತ್ತು ಜಾಸ್ತಿ ತಿರುಗಿದರೆ ಕುತ್ತಿಗೆ ಬದಲು ದಪ್ಪ ತುದಿ ಕೈಗೆ ಬರುತ್ತದೆ. ಬಾಲ್ ಹೇಗೆ ಬಂದರೂ ಬಾಲೇ. ಕ್ಲಬ್ ಹಾಗಲ್ಲ. ಕೈತಪ್ಪಿದ್ದಕ್ಕೆ ಒಂದು ಕಡಿತ, ಆ ಎಸೆತಕ್ಕೆ ಬರಬೇಕಿದ್ದ ಅಂಕವೂ ಹೋಯಿತು. ಎತ್ತಿಕೊಳ್ಳಲು ಓಡುವಾಗ ಸಂಗೀತ ಕಾಯೋದಿಲ್ಲ, ಮುಂದಿನ ನಾಲ್ಕು ಹೆಜ್ಜೆಯನ್ನು ಎರಡು ಹೆಜ್ಜೆಯಲ್ಲಿ ಮುಗಿಸಬೇಕು.

ಲಂಡನ್ ಆದಮೇಲೆ ಹೆಸರು ಇನ್ನೂ ಏರಿತು. ಅವಳ ಗಾಲಾ ಶೋಗಳು 2011ರಲ್ಲೇ ಶುರುವಾಗಿದ್ದವು, ಲಂಡನ್ ಆದಮೇಲೆ ಜನ ಇನ್ನೂ ಹೆಚ್ಚು ಮಾತಾಡಿದರು. ಹೊರದೇಶದ ದೊಡ್ಡ ಆಟಗಾರ್ತಿಯರನ್ನು ಕರೆಸಿ, ದೀಪ, ಸಂಗೀತ ಎಲ್ಲ ಇಟ್ಟು, ಅಂಕವಿಲ್ಲದೆ ಬರೀ ನೋಡೋದಕ್ಕೆ ನಡೆಸುವ ಶೋ. ಈ ಆಟಕ್ಕೆ ಕೊರಿಯಾದಲ್ಲಿ ಜನ ದುಡ್ಡು ಕೊಟ್ಟು ಟಿಕೆಟ್ ತಗೊಂಡರು ಅಂದರೆ ಅದು ಇವಳಿಂದ.

ಜೊತೆಗೇ ಬೈಗುಳವೂ ಬಂತು. ಆನ್‌ಲೈನ್‌ನಲ್ಲಿ ಅವಳ ಮೇಲೆ ಬಂದ ಕೆಟ್ಟ ಕಾಮೆಂಟುಗಳು ಕೊರಿಯಾದಲ್ಲೇ ಒಂದು ಸುದ್ದಿಯಾಗಿತ್ತು. ಮುಖ ಇದೆ, ಆಟ ಇಲ್ಲ. ಕಿಮ್ ಯುನಾಗೆ ಹೋಲಿಸೋದು ಬೇಡ. ರಷ್ಯಾ ಕೋಚ್ ಇದ್ದಾರೆ, ಅದಕ್ಕೇ ಜಡ್ಜ್‌ಗಳು ಅಂಕ ಕೊಡುತ್ತಾರೆ. ಕೊನೆಯ ಮಾತಿಗೆ ನಾನು ಇಷ್ಟು ಹೇಳುತ್ತೇನೆ. ಜಡ್ಜ್‌ಗಳ ಒಲವಿನ ದೂರು ಈ ಆಟದಲ್ಲಿ ಎಲ್ಲ ದೇಶದವರ ಮೇಲೂ ಬರುತ್ತದೆ, ಟೋಕಿಯೋದಲ್ಲಿ ಇಸ್ರೇಲ್‌ನ ಲಿನೊಯ್ ಅಶ್ರಾಮ್ ಚಿನ್ನ ಗೆದ್ದಾಗ ರಷ್ಯಾದವರೇ ಅದನ್ನು ಹೇಳಿದರು. ಒಳ್ಳೆಯ ಗುರು ಇರುವ ಕಡೆ ಹೋಗಿ ಕಲಿಯೋದು ಮೋಸ ಅಲ್ಲ. ಹೋಲಿಕೆಯ ಮಾತಂತೂ ನನಗೆ ಸಿಟ್ಟು ತರಿಸುತ್ತದೆ. ಯುನಾ ಜೊತೆ ಹೋಲಿಸಿದ್ದು ಯೊನ್-ಜೆ ಅಲ್ಲ, ಟಿವಿಯವರು. ಬೈಸಿಕೊಂಡವಳು ಮಾತ್ರ ಇವಳು.

2014 ಅವಳ ವರ್ಷ. ಏಪ್ರಿಲ್‌ನಲ್ಲಿ ಲಿಸ್ಬನ್ ವರ್ಲ್ಡ್ ಕಪ್‌ನಲ್ಲಿ ಆಲ್‌ರೌಂಡ್ ಸೇರಿ ನಾಲ್ಕು ಚಿನ್ನ. ಸೆಪ್ಟೆಂಬರ್‌ನಲ್ಲಿ ಟರ್ಕಿಯ ಇಝ್ಮಿರ್‌ನಲ್ಲಿ ವಿಶ್ವ ಚಾಂಪಿಯನ್‌ಷಿಪ್. ಹೂಪ್‌ನಲ್ಲಿ ಕಂಚು, ಕೊರಿಯಾಕ್ಕೆ ಈ ಆಟದಲ್ಲಿ ಮೊದಲ ವಿಶ್ವ ಪದಕ. ಆಲ್‌ರೌಂಡ್‌ನಲ್ಲಿ 4ನೇ ಸ್ಥಾನ. ಅಲ್ಲಿಂದ ವಿಮಾನ ಹತ್ತಿ ಇಂಚಿಯಾನ್‌ಗೆ ಬಂದರೆ ಕೆಲವೇ ದಿನದಲ್ಲಿ ಏಷ್ಯನ್ ಗೇಮ್ಸ್, ತನ್ನದೇ ದೇಶದಲ್ಲಿ. ನಿದ್ದೆಯ ಲೆಕ್ಕ ತಪ್ಪಿರುತ್ತದೆ, ಮೈ ದಣಿದಿರುತ್ತದೆ, ಸ್ಟೇಡಿಯಂ ತುಂಬಾ ಅವಳ ಹೆಸರು ಕೂಗುವ ಜನ. ಅಕ್ಟೋಬರ್ 2ರಂದು ಆಲ್‌ರೌಂಡ್ ಫೈನಲ್. ಯೊನ್-ಜೆಗೆ 71.699, ಚೀನಾದ ಡೆಂಗ್ ಸೆನ್‌ಯುಯೆಗೆ 70.332. ಏಷ್ಯನ್ ಗೇಮ್ಸ್ ರಿದಮಿಕ್‌ನಲ್ಲಿ ಕೊರಿಯಾದ ಮೊದಲ ಚಿನ್ನ. ಅಂಕ ಯಾಕೆ ಇಷ್ಟು ಕಡಿಮೆಯಾಯಿತು ಅಂತ ಗಾಬರಿಯಾಗಬೇಡಿ. 2013ರಿಂದ ಒಂದೊಂದಕ್ಕೂ ಗರಿಷ್ಠ 20 ಅಂಕ ಅಂತ ನಿಯಮ ಬದಲಾಗಿತ್ತು. ಆಲ್‌ರೌಂಡ್‌ನಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ಚಿನ್ನ 2013ರಲ್ಲೂ ಬಂದಿತ್ತು, 2015ರಲ್ಲೂ ಬಂತು. 2015ರಲ್ಲೇ ಗ್ವಾಂಗ್‌ಜು ಯೂನಿವರ್ಸಿಯೇಡ್‌ನಲ್ಲೂ, ಅಂದರೆ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ವಿಶ್ವ ಕ್ರೀಡಾಕೂಟದಲ್ಲೂ, ಚಿನ್ನ.

ಆದರೆ ಅದೇ ವರ್ಷ ಕಣಕಾಲು ಕೈಕೊಡಲು ಶುರುವಾಯಿತು. ಸ್ಟುಟ್‌ಗಾರ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮತ್ತೆ 11ನೇ ಸ್ಥಾನಕ್ಕೆ ಇಳಿದಳು. ಮುಗಿಯಿತು ಅಂದವರು ಸುಮಾರು ಜನ.

ರಿಯೋಗೆ ಬಂದಾಗ ಅವಳಿಗೆ 22. ಬೇರೆ ಆಟದಲ್ಲಿ ಇದು ಎಳೆ ವಯಸ್ಸು. ಇಲ್ಲಿ ಅಲ್ಲ. ಬೆಳ್ಳಿ ಗೆದ್ದ ರಷ್ಯಾದ ಯಾನಾ ಕುದ್ರ್ಯಾವ್ತ್ಸೇವಾಗೆ ಆಗ 18. 2016ರ ಆಗಸ್ಟ್ 20ರ ಫೈನಲ್‌ನಲ್ಲಿ ಯೊನ್-ಜೆಯ ನಾಲ್ಕೂ ಕಾರ್ಯಕ್ರಮ 18 ದಾಟಿದವು, ಒಂದರಲ್ಲೂ ಸಲಕರಣೆ ಬೀಳಲಿಲ್ಲ. ಒಟ್ಟು 72.898. ಕಂಚು ಗೆದ್ದ ಉಕ್ರೇನ್‌ನ ಹನ್ನಾ ರಿಝಾಟ್ಡಿನೋವಾಗೆ 73.583. ಈ ಸಲ ಯಾವ ತಪ್ಪನ್ನೂ ತೋರಿಸಿ ಬೇಸರಪಡುವ ಹಾಗಿರಲಿಲ್ಲ. ಮುಂದಿದ್ದ ಮೂವರು ಅವತ್ತು ಅವಳಿಗಿಂತ ಚೆನ್ನಾಗಿ ಆಡಿದರು. ಅವಳು ತನ್ನ ಪೂರ್ತಿ ಆಟ ಆಡಿದಳು.

4ನೇ ಸ್ಥಾನಕ್ಕೆ ಏನು ಬೆಲೆ ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅದೇ ರಿಯೋದಲ್ಲಿ, ಆರು ದಿನ ಮೊದಲು, ನಮ್ಮ ದೀಪಾ ಕರ್ಮಾಕರ್ ವಾಲ್ಟ್‌ನಲ್ಲಿ 4ನೆಯವಳಾದಳು. 0.150ರಲ್ಲಿ ಕಂಚು ಹೋಯಿತು. ಆ ರಾತ್ರಿ ನಮ್ಮ ಮನೆಯಲ್ಲಿ ಜಿಮ್ನಾಸ್ಟಿಕ್ಸ್ ಅಂದರೆ ಏನು ಅಂತ ಗೊತ್ತಿಲ್ಲದವರೂ ಟಿವಿ ಮುಂದೆ ಕೂತಿದ್ದರು. ಮಾರನೆಯ ದಿನ ದೀಪಾಗೆ ಪದಕ ಇಲ್ಲ, ಹೆಸರು ಯಾಕೆ ಅಂತ ಯಾರೂ ಕೇಳಲಿಲ್ಲ, ಅಲ್ವಾ? ಆ ವರ್ಷ ನಮ್ಮ ಕ್ಲಾಸಿಗೆ ಮಕ್ಕಳನ್ನು ಸೇರಿಸಲು ಬಂದ ಎಷ್ಟೋ ತಾಯಂದಿರು ಅವಳ ಹೆಸರನ್ನೇ ಹೇಳಿದ್ದರು. ಅವಳದು ಆರ್ಟಿಸ್ಟಿಕ್, ನಮ್ಮದು ರಿದಮಿಕ್, ಎರಡೂ ಬೇರೆ ಅಂತ ವಿವರಿಸೋದೇ ನನಗೆ ಒಂದು ಕೆಲಸವಾಗಿತ್ತು. ಕೊರಿಯಾದಲ್ಲಿ ಯೊನ್-ಜೆಯಿಂದ ಆಗಿದ್ದೂ ಇಂಥದ್ದೇ.

2017ರ ಫೆಬ್ರವರಿಯಲ್ಲಿ ನಿವೃತ್ತಿ ತಿಳಿಸಿದಳು. 22ಕ್ಕೆ ಮುಗಿಸಿದಳು, ಸಣ್ಣ ವಯಸ್ಸಿನಲ್ಲಿ ಶುರುಮಾಡಿ ಹದಿನೇಳು ವರ್ಷ ಆಡಿದ ಮೇಲೆ. ಆಮೇಲೆ ಲೀಪ್ ಸ್ಟುಡಿಯೋ ಅಂತ ತನ್ನದೇ ಜಾಗ ತೆರೆದು ಮಕ್ಕಳಿಗೆ ಹೇಳಿಕೊಡುತ್ತಿದ್ದಾಳೆ, ಚಿಕ್ಕ ಮಕ್ಕಳಿಗಾಗಿ ಲೀಪ್ ಚಾಲೆಂಜ್ ಕಪ್ ಅನ್ನೋ ಸ್ಪರ್ಧೆಯನ್ನೂ ನಡೆಸುತ್ತಾಳೆ. ಮದುವೆಯಾಗಿ ಒಬ್ಬ ಮಗನಿದ್ದಾನೆ. ಇವತ್ತಿಗೂ ಅವಳು ಎಲ್ಲಿ ಕಂಡರೂ ಅಲ್ಲಿ ಸುದ್ದಿ.

ಈಗ ನಿಮ್ಮ ಕೊನೆಯ ಪ್ರಶ್ನೆ, ಮಗಳು ನೋಡಿ ಕಲಿಯಬಹುದಾ. ಖಂಡಿತ ಕಲಿಯಬಹುದು, ಆದರೆ ಏನು ನೋಡಬೇಕು ಅಂತ ಪಕ್ಕದಲ್ಲಿ ಕೂತು ಹೇಳಿ. ಫೂಟೆ ಪಿವಟ್ ಅಂತ ಒಂದಿದೆ. ಒಂದು ಕಾಲಿನ ಮುಂಗಾಲ ಮೇಲೆ ನಿಂತು, ಇನ್ನೊಂದು ಕಾಲನ್ನು ಸೊಂಟದ ಮಟ್ಟದಲ್ಲಿ ಇಟ್ಟುಕೊಂಡೇ ಸುತ್ತಿನ ಮೇಲೆ ಸುತ್ತು ತಿರುಗೋದು. ಯೊನ್-ಜೆ ಅದಕ್ಕೇ ಹೆಸರಾದವಳು. ತಿರುಗುವಾಗ ಮಕ್ಕಳು ಎತ್ತಿದ ಕಾಲನ್ನು ನೋಡುತ್ತಾರೆ, ಅದು ಎದ್ದು ಕಾಣುತ್ತದೆ ಅಂತ. ನಿಂತ ಕಾಲಿನ ಹಿಮ್ಮಡಿ ನೋಡಲು ಹೇಳಿ. ಒಂದು ಸುತ್ತು ಮುಗಿದು ಇನ್ನೊಂದು ಶುರುವಾಗುವ ಕಡೆ ಅದು ಎಷ್ಟು ಇಳಿಯುತ್ತದೆ, ಎಷ್ಟು ಬೇಗ ಮತ್ತೆ ಏಳುತ್ತದೆ ಅಂತ. ಗುಟ್ಟು ಅಲ್ಲಿದೆ. ಮನೆಯಲ್ಲಿ ನುಣುಪು ಟೈಲ್ಸ್ ಮೇಲೆ ಸಾಕ್ಸ್ ಹಾಕಿಕೊಂಡು ಇದನ್ನು ಮಾಡಲು ಬಿಡಬೇಡಿ, ಕಣಕಾಲು ಉಳುಕುತ್ತದೆ.

ರಿಯೋದ ರಿಬ್ಬನ್ ಕಾರ್ಯಕ್ರಮವನ್ನೂ ತೋರಿಸಿ, ಟ್ಯಾಂಗೋ ಸಂಗೀತಕ್ಕೆ ಮಾಡಿದ್ದು. ದೊಡ್ಡವರ ರಿಬ್ಬನ್ 6 ಮೀಟರ್ ಉದ್ದ. ತುದಿ ಒಂದು ಕ್ಷಣ ಕೂಡ ನೆಲದ ಮೇಲೆ ಸತ್ತ ಹಾವಿನ ಹಾಗೆ ಬೀಳಬಾರದು, ಕೋಲಿನಿಂದ ತುದಿಯವರೆಗೂ ಜೀವ ಇರಬೇಕು. ನಮ್ಮ ಹಾಲ್‌ನಲ್ಲಿ ರಿಬ್ಬನ್ ಕ್ಲಾಸ್ ಶುರುವಾಗುವ ಮೊದಲು ಎಂಥ ಬೇಸಿಗೆಯಲ್ಲೂ ಫ್ಯಾನ್ ಆರಿಸುತ್ತೇವೆ, ಇಲ್ಲದಿದ್ದರೆ ಗಾಳಿಗೆ ಗಂಟು ಬೀಳುತ್ತದೆ. ಮಕ್ಕಳು ಬೆವರು ಒರೆಸಿಕೊಳ್ಳುತ್ತಾ ಗೊಣಗುತ್ತಾರೆ. ಆ ಗೊಣಗುವ ಮಕ್ಕಳಿಗೂ ನಾನು ಇದೇ ವಿಡಿಯೋ ತೋರಿಸೋದು.

ಆಮೇಲೆ ಎರಡು ಕ್ಲಬ್ಸ್ ವಿಡಿಯೋ ಒಟ್ಟಿಗೆ ಹಾಕಿ. ಮೊದಲು ಲಂಡನ್ ಫೈನಲ್, ಕೈಜಾರಿದ್ದು. ಅದು ಆದ ತಕ್ಷಣ ರಿಯೋ ಫೈನಲ್. ರಿಯೋದಲ್ಲಿ ಅವಳ ಸರದಿ ಬಾಲ್, ಹೂಪ್, ರಿಬ್ಬನ್ ಮುಗಿದು ಕೊನೆಗೆ ಕ್ಲಬ್ಸ್‌ಗೆ ಬಂತು. ಅವಳ ಒಲಿಂಪಿಕ್ ಜೀವನದ ಕೊನೆಯ ಒಂದೂವರೆ ನಿಮಿಷ, ಕೈಯಲ್ಲಿ ಅದೇ ಎರಡು ಕ್ಲಬ್. 18.300 ಬಂತು. ಆ ದಿನದ ನಾಲ್ಕರಲ್ಲಿ ಅದೇ ಹೆಚ್ಚು.